ಬಿಡುವಿನ ಪಾಲಿಗೆ ದನ ಬಿಟ್ಟ ಬಗ್ಗೆ ಉಡಚಮ್ಮನ ಹೇಳಿಕೆ

ಹರಿಹರ ಪೊಲೀಸ್ ಠಾಣೆ
ತಾ. 19-10-1961

ನನ್ನ ಹೆಸರು ಉಡಚಮ್ಮ, ಗಂಡ ದಿವಂಗತ ರಾಮಚಂದ್ರಪ್ಪ, ವಯಸ್ಸು ಸುಮಾರು ನಲವತ್ತು, ಕಸುಬು ಹಾಲು ಮಾರಾಟ, ವಾಸ ಹರಿಹರ. ನಾನು ದನ ಕದ್ದೆನೆಂದು ನನ್ನ ತಮ್ಮ ಗಿಡ್ಡಪ್ಪ ಕೊಟ್ಟಿರುವ ದೂರಿನ ಬಗ್ಗೆ ಈ ಮೂಲಕ ತಿಳಿಸುವುದೇನೆಂದರೆ,

ಊರ ಹೊರಗಿನ ಹುಲ್ಲುಗಾವಲು ನಮ್ಮಿಬ್ಬರಿಗೂ ಸೇರಿದ್ದು. ನಡುವೆ ಕಳ್ಳಿಬೇಲಿ ಹಾಕಿ, ಒಂದು ವರ್ಷ ಒಂದು ಪಾಲಿನಲ್ಲಿ ಮೇಯಿಸಿ, ಇನ್ನೊಂದನ್ನು ಬೀಜ ಉದುರುವ ತನಕ ಮೇಯಿಸದೆ ಬಿಡುವುದು ಅವ್ವನ ಕಾಲದ ಪದ್ಧತಿ. ಹಾಗೆ ಬಿಟ್ಟದ್ದೇ ಬಿಡುವಿನ ಪಾಲು. ಹಸಿ ನೆಲವನ್ನು ದನ ತುಳಿದರೆ ನೆಲ ಗಟ್ಟಿಯಾಗಿ ಮಳೆನೀರು ಇಂಗುವುದಿಲ್ಲ. ರುಚಿಯ ಹುಲ್ಲನ್ನು ಬುಡದ ತನಕ ಕಚ್ಚುತ್ತವೆ. ಆ ಜಾಗದಲ್ಲಿ ದನ ಮುಟ್ಟದ ತಂಗಡಿ, ನೆಗ್ಗಿಲಮುಳ್ಳು ಏಳುತ್ತವೆ. ಆಮೇಲೆ ನನ್ನ ಎಮ್ಮೆಗಳಿಗೆ ಏನು ಹಾಕಲಿ? ಬಿಡುವಿನ ಪಾಲಿಗೆ ದನ ಬಿಡುವುದಿಲ್ಲವೆಂದು ಅವ್ವ ಸಾಯುವಾಗ ಗಿಡ್ಡಪ್ಪ ಆಕೆಯ ಕೈಮೇಲೆ ಕೈಯಿಟ್ಟು ಆಣೆ ಮಾಡಿದ್ದ.

ಈ ಸಲ ಬಿಡುವಿನ ಪಾಲಿನ ಹುಲ್ಲು ದಿನೇದಿನೇ ಸವೆಯುತ್ತಿತ್ತು. ಕೇಳಿದರೆ ಅವನು, ಅಕ್ಕಾ, ನಿನ್ ಕಣ್ಣು ಮಂಜಾಗ್ಯಾವ, ಹುಳ ತಿಂದಿರಬೇಕು ಬಿಡು ಎಂದು ನಕ್ಕ. ನಂಬಿದೆ. ಒಡಹುಟ್ಟಿದವನನ್ನು ನಂಬದೆ ಯಾರನ್ನು ನಂಬಲಿ? ಆದರೂ ನಾನು ದಾವಣಗೆರೆಗೆ ಹಾಲು ಒಯ್ದಾಗ ದನದ ಗಂಟೆ ಕೇಳಿದರೆ ತಿಳಿಸೆಂದು ಬೇಲಿ ಪಕ್ಕದ ಮನೆಯ ಖುರ್ಷೀದಾಗೆ ಹೇಳಿದ್ದೆ. ಏನೂ ಕೇಳಿಸಿಲ್ಲವೆಂದೇ ಆಕೆ ಹೇಳುತ್ತಿದ್ದಳು.

ನಿನ್ನೆ ಬೆಳಗಿನ ಆರೂವರೆ ರೈಲು ತಪ್ಪಿತು. ಹುಲ್ಲುಗಾವಲಿನ ದಾರಿಯಲ್ಲಿ ವಾಪಸು ಬರುವಾಗ ನೋಡಿದರೆ ಗಿಡ್ಡಪ್ಪನ ಆರು ದನ ಬಿಡುವಿನ ಪಾಲಿನಲ್ಲಿ ಮೇಯುತ್ತಿದ್ದವು. ಗೊರಸಿನ ಗುಂಡಿಗಳಲ್ಲಿ ಮಳೆನೀರು ನಿಂತಿತ್ತು. ಅವನು ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಹಾಳಾಗಿ ಹೋಗು ಎಂದು ಬೈದೆ. ಅದು ನಿಜ, ಬರೆದುಕೊಳ್ಳಿ. ಅವನು, ಹುಲ್ಲು ಎಲ್ಲಿಗೆ ಹೋಗ್ತೈತೆ, ಮಳಿ ಬಂದ್ರ ತಾನೇ ಬರ್ತೈತೆ, ಸುಮ್ನ ಮನಿಗೆ ಹೋಗು ಎಂದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಆರೂ ದನಗಳನ್ನು ಹೊಡೆದುಕೊಂಡು ಬೇಲಿ ದಾಟಿ ಮೇಯ್ದ ದನಗಳನ್ನು ಕಟ್ಟಿಹಾಕುವ ಸರ್ಕಾರಿ ದೊಡ್ಡಿಗೆ ಸೇರಿಸಿದೆ. ಕದ್ದಿದ್ದರೆ ಹಾಡುಹಗಲಿನಲ್ಲಿ ಪೇಟೆ ಬೀದಿಯ ನಡುವೆ ಹೋಗುತ್ತಿದ್ದೆನೇ?

ದಾರಿಯುದ್ದಕ್ಕೂ ದನಗಳ ಕೊರಳಿನ ಯಾವ ಗಂಟೆಯೂ ಸದ್ದು ಮಾಡಲಿಲ್ಲ. ದೊಡ್ಡಿಯ ಬಾಗಿಲಲ್ಲಿ ಮುಂದಿನ ಹಸುವಿನ ಗಂಟೆ ಬಿಚ್ಚಿ ನೋಡಿದರೆ ಒಳಗೆ ಬಟ್ಟೆ ತುರುಕಿತ್ತು. ಅದು ಅವ್ವನ ಹಸಿರು ಸೀರೆಯ ತುಂಡು. ಅವ್ವ ಹೋದ ಮೇಲೆ ಆ ಸೀರೆಯಲ್ಲಿ ಗಿಡ್ಡಪ್ಪನ ಕೂಸಿಗೆ ಹೊದೆಯಲು ಕೌದಿ ಹೊಲಿದುಕೊಟ್ಟವಳು ನಾನೇ. ತುಂಡಿನ ಅಂಚಿನಲ್ಲಿ ನನ್ನ ಹೊಲಿಗೆ ಇನ್ನೂ ಇದೆ.

ಗಂಟೆಯನ್ನೂ ಬಟ್ಟೆಯನ್ನೂ ಠಾಣೆಗೆ ಒಪ್ಪಿಸಿದ್ದೇನೆ. ದನಗಳನ್ನು ಅವನಿಗೆ ಬಿಡಿಸಿಕೊಡಿ, ಮೂಕ ಜೀವಗಳು ಏನು ತಪ್ಪು ಮಾಡಿವೆ? ಬಟ್ಟೆಯನ್ನು ಮಾತ್ರ ಅವನ ಕೈಗೆ ಕೊಡಬಾರದು.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಹರಿಹರ
ಉಡಚಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು