ತಂತಿ ಕಿತ್ತ ಡಿಸ್ಕ್

ಕಂಪ್ಲಿಯಲ್ಲಿ ಕೋಟೆ ಕಡೆ ಹೋಗುವ ದಾರಿಗೆ ಒಂದು ಹಾಳು ಬಾವಿ ಇತ್ತು. ರಾಟೆ ಇತ್ತು, ಹಗ್ಗ ಇರಲಿಲ್ಲ. ಗಣಿ ಭರಾಟೆಯ ಕಾಲದಲ್ಲಿ ಒಂದು ರಾತ್ರಿ ನಮ್ಮ ಚಿಕ್ಕಪ್ಪನ ಮಗಳು ಹೇಮಾ ಕೊನೇ ಬಸ್ ಇಳಿದು ಅದೇ ದಾರಿ ಹಿಡಿದಿದ್ದಳು. ಹಿಂದಿನಿಂದ ಕಿರ್ರ್... ಕಿರ್ರ್... ರಾಟೆ ತಿರುಗಿತು.

ಹೇಮಾ ತಿರುಗಿ ನೋಡಿದಳು. ನೋಡದೆ ಓಡುವ ಪೈಕಿ ಅಲ್ಲ ಅವಳು. ಬಾವಿಕಟ್ಟೆಯ ಮೇಲೆ ಉಚ್ಚೆಂಗಪ್ಪ ಕೂತಿದ್ದ, ಹೆಗಲ ಮೇಲೆ ಟವೆಲ್ಲು... ಆಗಷ್ಟೇ ಅವಳು ಎಮ್ಮಿಗನೂರಿನಲ್ಲಿ ಆತನ ತಿಥಿಯ ದಿನದೂಟ ಉಂಡು ಬಂದಿದ್ದಳು.

ಉಚ್ಚೆಂಗಪ್ಪ ಅದಿರು ಲಾರಿಯ ಡ್ರೈವರ್. ಮಗಳು ಹೊಳೆಮ್ಮನ ಮದುವೆ ಮಾಡಿ ವಾರ ಕಳೆದಿರಲಿಲ್ಲ, ಸಂಡೂರಿನ ಘಾಟಿನಲ್ಲಿ ಲಾರಿ ಮಗುಚಿತು. ಆ ಮದುವೆಯ ವಿಡಿಯೊ ಹೇಮಾ ತೆಗೆದದ್ದೇ. ದಿನದ ಊಟದಲ್ಲಿ ಹೊಳೆಮ್ಮ, ನನ್ನ ಕಳಿಸುವಾಗ ಅಪ್ಪ ಒಂದು ಹನಿ ಕಣ್ಣೀರು ಹಾಕಲಿಲ್ಲ, ಪೀಡೆ ತೊಲಗಿತು ಅಂದುಕೊಂಡಿರಬೇಕು ಅಂತ ಬಿಕ್ಕಿದ್ದಳು. ಆತ ಹಂದರದ ಹಿಂದೆ ಹೋಗಿ, ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಅತ್ತದ್ದು ಹೇಮಾಳ ಕ್ಯಾಮೆರಾಕ್ಕೆ ಮಾತ್ರ ಗೊತ್ತಿತ್ತು. ನಾಳೆಯೇ ತೋರಿಸ್ತೀನಿ ಅಂತ ಮಾತು ಕೊಟ್ಟು ಬಂದಿದ್ದಳು.

"ತಂಗಿ... ನಾ ಅತ್ತಿದ್ದು ತಗದ್ ಹಾಕು."

"ಯಾಕ್ರಿ?"

"ಬೀಗರು ನೋಡ್ತಾರ... ನಗ್ತಾರ."

"ತಗಿಯಂಗಿಲ್ರಿ," ಅಂದಳು ಹೇಮಾ. ಸರಸರ ಮನೆಗೆ ನಡೆದಳು.

ಅವಳ ಕಂಪ್ಯೂಟರಿನ ಕತೆ ಸ್ವಲ್ಪ ಹೇಳಬೇಕು. ಮೊದಲು ಅದರದು ಎಮ್ಮೆ ನಡಿಗೆ. ಅದಕ್ಕೇ ಹೊಸಪೇಟೆಯಿಂದ ಒಂದೇ ನಮೂನೆಯ ಎರಡು ಹಾರ್ಡ್ ಡಿಸ್ಕ್ ತಂದು ಜೋಡಿ ಕಟ್ಟಿದ್ದಳು. ಒಂದೇ ವಿಡಿಯೊವನ್ನು ಅದು ಸಣ್ಣ ಪಟ್ಟಿಗಳಾಗಿ ಕೊಯ್ದು, ಒಂದನ್ನು ಈ ಡಿಸ್ಕಿಗೆ, ಮುಂದಿನದನ್ನು ಆ ಡಿಸ್ಕಿಗೆ ಹಂಚಿಡುತ್ತದೆ. ಎರಡೂ ಒಟ್ಟಿಗೆ ಓಡಿದರೆ ಕೆಲಸ ಜಲ್ದಿ. ಒಂದು ಸತ್ತರೆ ಇನ್ನೊಂದರಲ್ಲಿ ಉಳಿಯುವುದು ಬರೀ ಚಿಂದಿ. ಅವಳ ಅಣ್ಣ ಕೊಟ್ರಯ್ಯ ಬ್ಯಾಡ ಬ್ಯಾಡ ಅಂದಿದ್ದ. ಅವಳು ಯಾರ ಮಾತು ಕೇಳಿದ್ದಾಳೆ? ಸಾಲದ್ದಕ್ಕೆ, ವಿಡಿಯೊದವರ ರೂಢಿಯಂತೆ, ಅದೇ ಕ್ಯಾಸೆಟ್ ಮೇಲೆ ಮುಂದಿನ ಮದುವೆಯನ್ನೂ ತೆಗೆದಾಗಿತ್ತು. ಹೊಳೆಮ್ಮನ ಮದುವೆ ಇದ್ದದ್ದು ಆ ಜೋಡಿ ಡಿಸ್ಕಿನಲ್ಲಿ ಮಾತ್ರ.

ಹೇಮಾ ಬಾಗಿಲು ಹಾಕಿ ಡಿವಿಡಿ ಬರೆಯಲು ಕೂತಳು. ಪರದೆಯ ಮೇಲೆ ಅಕ್ಕಿಕಾಳು ಹಾಕಿದ್ದಾಯಿತು, ಊಟ ಆಯಿತು, ಹೆಣ್ಣು ಒಪ್ಪಿಸಿದ್ದಾಯಿತು. ಹಂದರದ ಹಿಂಭಾಗ ಬಂತು...

ಟಕ್.

ಟಕ್... ಟಕ್... ಕರ್ರ್.

ಚಿತ್ರ ನಿಂತುಹೋಯಿತು. ಎಡಗಡೆಯ ಡಿಸ್ಕ್ ಸತ್ತಿತ್ತು. ಹೊರಗೆ ಅಂಗಳದಲ್ಲಿ ಯಾರೋ ಟವೆಲ್ ಕೊಡವಿದ ಸದ್ದು... ಪಟ್.

ಹೇಮಾಗೆ ಹೆದರಿಕೆಗಿಂತ ಸಿಟ್ಟು ದೊಡ್ಡದಾಗಿತ್ತು. ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಸತ್ತ ಡಿಸ್ಕಿನ ಎರಡೂ ತಂತಿ ಕಿತ್ತು, ಅದನ್ನು ಅಂಗೈ ಮೇಲಿಟ್ಟುಕೊಂಡು ಬಾಗಿಲ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಬೀಗರ ಚಿಂತಿ ನಿಮಗ. ಅಪ್ಪಗ ನಾ ಬ್ಯಾಡಾಗಿದ್ದೆ ಅಂತ ನಿಮ್ಮ ಮಗಳು ಸಾಯೋತನ ಅಂದ್ಕೊಳ್ಳಲೇನು? ಈ ಡಿಸ್ಕ್ ಮುರದ್ರೂ ನಾ ಬಾಯಿಲೇ ಹೇಳ್ತೀನಿ. ಬೀದ್ಯಾಗ ನಿಂತು ಹೇಳ್ತೀನಿ. ಏನ್ ಮಾಡ್ಕೊಂತೀರಿ, ಮಾಡ್ಕೊಳ್ರಿ."

ಆಮೇಲೆ... ಗುಂಯ್... ಅವಳ ಅಂಗೈಯಲ್ಲೇ, ತಂತಿ ಇಲ್ಲದ ಆ ಡಿಸ್ಕ್ ತಿರುಗತೊಡಗಿತು. ಪರದೆ ಅಲುಗಿತು. ಹಂದರದ ಹಿಂದೆ ಉಚ್ಚೆಂಗಪ್ಪ ಬಾಯಿಗೆ ಟವೆಲ್ ತುರುಕಿಕೊಂಡು ಅತ್ತ. ಒಂದು ಪಟ್ಟಿಯೂ ತಪ್ಪಲಿಲ್ಲ. ಡಿವಿಡಿ ಹೊರಬರುವ ತನಕ ಹೇಮಾ ಕೈ ಕದಲಿಸಲಿಲ್ಲ.

ಮರುದಿನ ಹೊಳೆಮ್ಮ ನೋಡಿದಳು. ಅಷ್ಟನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. ಬೀಗರು ಯಾರೂ ನಗಲಿಲ್ಲ.

ಇದು ನಡೆದದ್ದೇ, ಕಟ್ಟಿ ಹೇಳುವುದಕ್ಕೆ ನನಗೇನು ಬಂದಿದೆ? ಆ ಡಿಸ್ಕನ್ನು ಹೇಮಾ ಮತ್ತೆ ಯಾವ ಕಂಪ್ಯೂಟರಿಗೂ ಹಾಕಿಲ್ಲ. ಅವಳ ಮನೆಯ ಗೂಡಿನಲ್ಲಿ ಹಾಗೇ ಇದೆ. ಹೋದ ತಿಂಗಳು ನಾನೇ ಮುಟ್ಟಿ ನೋಡಿದೆ. ಬೆಚ್ಚಗಿತ್ತು.