ನಿಂಗಣ್ಣನ ಏಕತಾರಿಯ ಬಿರಡೆ

ಆ ಟೀವಿ ಆರಿಸಿ, ಹೇಳ್ತೀನಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ಮರ್ಫಿ ಟೌನಿನ ನಮ್ಮ ವಠಾರದಲ್ಲೇ, ಗೋಡೆ ಆಚೆ ಮನೆಯ ದತ್ತುಗೆ ಆದದ್ದು.

ಅವತ್ತು ದತ್ತು ಶಿವಾಜಿನಗರದಿಂದ ನಡೆದೇ ಬರ್ತಿದ್ದ. ಹನ್ನೊಂದೂವರೆ ದಾಟಿತ್ತು. ಬಸ್ಸು ಮುಗಿದಿತ್ತು, ಆಟೋದವರು ಮರ್ಫಿ ಟೌನ್ ಅಂದ ತಕ್ಷಣ ತಲೆ ಆಡಿಸಿ ಮುಂದೆ ಹೋಗ್ತಿದ್ದರು. ಹೆಗಲ ಮೇಲೆ ಏಕತಾರಿ. ಒಂದೇ ತಂತಿ, ಅದನ್ನು ಬಿಗಿಯೋಕೆ ಒಂದೇ ಮರದ ಬಿರಡೆ. ಅವನ ಅಣ್ಣ ನಿಂಗಣ್ಣನದು ಅದು. ಅಣ್ಣ ಹೋಗಿ ಮಾರನೇ ದಿನಕ್ಕೆ ವರ್ಷ.

ಸುರಪುರದ ಕಡೆಯ ಆ ಮನೆಯವರಲ್ಲಿ ಒಂದು ಪದ್ಧತಿ. ಮನೆಯಲ್ಲಿ ಹೆಣ ಇರುವಷ್ಟು ಹೊತ್ತು ಭಜನೆ ನಿಲ್ಲಬಾರದು. ಎತ್ತುವ ತನಕ ತಂತಿ ಮಿಡೀತಾನೇ ಇರಬೇಕು. ನಿಂಗಣ್ಣ ಎಷ್ಟೋ ಮನೆ ಮುಂದೆ ರಾತ್ರಿಯೆಲ್ಲ ಕೂತು ಹಾಡಿದವನು. ಆದರೆ ಅವನು ಸತ್ತದ್ದು ಬೆಂಗಳೂರಲ್ಲಿ. ಹೆಂಡತಿ ನಾಗರತ್ನಾ ಆಗ ಊರಲ್ಲಿದ್ದಳು. ಆಂಬುಲೆನ್ಸಿನಲ್ಲಿ ರಾತ್ರಿಯಿಡೀ ಹೆಣದ ಪಕ್ಕ ಕೂತು ಊರಿಗೆ ಹೋದವನು ದತ್ತು ಒಬ್ಬನೇ. ಏಕತಾರಿ ತೊಡೆ ಮೇಲೇ ಇತ್ತು. ಡ್ರೈವರ್ ಏನಂದುಕೊಂಡಾನೋ ಅಂತ ನಾಚಿಕೊಂಡು ಒಂದು ಭಜನೆ ಪದಾನೂ ಹೇಳಲಿಲ್ಲ ಪುಣ್ಯಾತ್ಮ.

ಅವತ್ತಿನಿಂದ ಅವನ ಎದೆ ಮರಗಟ್ಟಿಹೋಯ್ತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸೆಂಟ್ರಿಂಗ್ ಕೆಲಸಕ್ಕೆ ಹೋದ, ಬಂದ, ಉಂಡ, ಮಲಗಿದ. ವರ್ಷದ ಭಜನೆಯಲ್ಲಾದರೂ ಅಣ್ಣನಿಗೆ ಹಾಡಲೇಬೇಕು ಅನ್ನೋದೊಂದೇ ಅವನಿಗೆ ಉಳಿದಿದ್ದ ಆಸೆ. ಅದಕ್ಕೆ ಬಿರಡೆ ಕೈಕೊಡ್ತು. ಬಿಗಿದರೆ ಜಾರೋದು... ಬಿಗಿದರೆ ಜಾರೋದು.

ರಸೆಲ್ ಮಾರುಕಟ್ಟೆ ಹಿಂದೆ ಖುರ್ಷೀದಾ ಅಂತ ಒಬ್ಬ ಮುದುಕಿ. ಸಿತಾರು, ಬ್ಯಾಂಜೊ ರಿಪೇರಿ ಅಪ್ಪನಿಂದ ಕಲಿತವಳು. ಮೊದಲು ಬಿರಡೆಗೆ ಸೀಮೆಸುಣ್ಣ ತಿಕ್ಕಿ ಕೊಟ್ಟಳು. ಜಾರ್ತು. ಕಾಗದ ಸುತ್ತಿ ಕೊಟ್ಟಳು. ಅದೂ ಜಾರ್ತು. ಅವತ್ತು ರಾತ್ರಿ ಅಂಗಡಿ ಮುಚ್ಚದೆ ಕೂತು ಹೊಸ ಬಿರಡೇನೇ ಕೆತ್ತಿ ಹಾಕಿದಳು.

"ಬೀಟೆ ಮರ, ಬೇಟಾ. ಇದೂ ಜಾರಿದ್ರೆ ನಾನು ಅಂಗಡಿ ಬಿಟ್ಟು ಕೊತ್ತಂಬರಿ ಸೊಪ್ಪು ಮಾರ್ತೀನಿ."

ಹಲಸೂರು ಕೆರೆ ಹತ್ತಿರ ಬಂದ. ಅಲ್ಲೊಂದು ಆಲದ ಮರ, ಕೆಳಗೆ ಕಟ್ಟೆ. ಗಾಳಿ ಇರಲಿಲ್ಲ. ಎಲೆ ಅಲುಗ್ತಿರಲಿಲ್ಲ. ಬೆನ್ನ ಹಿಂದೆ...

ಕಿರ್... ಕಿರ್ರ್...

ಮರಕ್ಕೆ ಮರ ತಿಕ್ಕುವ ಸದ್ದು. ಹಿಂದೆಯೇ ತಂತಿ, ಡೊಂಯ್... ಅಂತ ಇಳೀತು.

ಕಟ್ಟೆ ಮೇಲೆ ಕೂತು ಬಿರಡೆ ತಿರುವಿ ತಂತೀನ ತನ್ನ ದನಿಗೆ ಏರಿಸಿದ. ಕೈ ಬಿಟ್ಟ. ಕಿರ್ರ್... ಇಳೀತು. ಏರಿಸಿದ. ಇಳೀತು. ಐದನೇ ಸಲಕ್ಕೆ ಅವನಿಗೆ ಹೊಳೀತು. ತಂತಿ ಪೂರ್ತಿ ಸಡಿಲ ಆಗ್ತಿಲ್ಲ. ಪ್ರತಿ ಸಲಾನೂ ಒಂದೇ ಶ್ರುತಿಗೆ ಬಂದು ನಿಲ್ತಾ ಇದೆ. ಅದು ನಿಂಗಣ್ಣ ಹಾಡ್ತಿದ್ದ ಶ್ರುತಿ, ದತ್ತುವಿನ ದನಿಗಿಂತ ತಗ್ಗು.

ಕಿವಿ ಹತ್ತಿರ ಯಾರೋ ಪಿಸುಗುಟ್ಟಿದರು.

"ಏರಸಬ್ಯಾಡೋ ದತ್ತು..."

ದತ್ತು ತಿರುಗಿ ನೋಡಲಿಲ್ಲ. ಹೆದರಿಕೇನೂ ಆಗಲಿಲ್ಲ ಅಂತಾನೆ. ಮರಗಟ್ಟಿದ ಎದೆ, ದೆವ್ವಕ್ಕೂ ಅಷ್ಟೇ.

"ಅಣ್ಣಾ... ಅವತ್ತ ಗಾಡ್ಯಾಗ ನಾಚಿಕಿ ಬಂತು."

"ಗೊತ್ತೈತಿ. ಈಗ ಹೇಳು."

"ಇಷ್ಟು ತಗ್ಗಿಗೆ ನನ್ನ ದನಿ ಹೋಗಂಗಿಲ್ಲ."

"ತಂತಿ ನಾ ಹಿಡೀತೀನಿ. ನೀ ಹೇಳು."

ಹೇಳಿದ. ಅಣ್ಣ ಕಲಿಸಿದ ಪದ ಒಂದೂ ಬಿಡದೆ ಹೇಳಿದ. ಮಾರುಕಟ್ಟೆ ಕಡೆಗೆ ಸೊಪ್ಪಿನ ಗಾಡಿಗಳು ಹೊರಡೋವರೆಗೂ ಹೇಳಿದ. ತಂತಿ ಒಂದಿಷ್ಟೂ ಜಾರಲಿಲ್ಲ. ಎದ್ದಾಗ ಕಾಲು ಜೋಮು ಹಿಡಿದಿತ್ತು. ಆಗಲೂ ಅಳು ಬರಲಿಲ್ಲ.

ವರ್ಷದ ಕಾರ್ಯಕ್ಕೆ ಊರಿಂದ ಬಂದಿದ್ದ ನಾಗರತ್ನಾ ಬೆಳಿಗ್ಗೆ ಪೂಜೆಗೆ ಅಂತ ಏಕತಾರಿ ಒರೆಸ್ತಾ ಇದ್ದವಳು ಕೈ ನಿಲ್ಲಿಸಿದಳು.

"ಆ ಮುದುಕಿ ಹಳೀ ಬಿರಡೀನ ಹಾಕ್ಯಾಳಲ್ಲೋ."

"ಇಲ್ಲ, ಹೊಸಾದು. ನನ್ನ ಕಣ್ಣ ಮುಂದ ಕೆತ್ತ್ಯಾಳ."

"ಹಂಗಾರ ಇದೇನು?"

ಬಿರಡೆಯ ತಲೆ ಮೇಲೆ ಒಂದು ಕುಳಿ. ಇಪ್ಪತ್ತು ವರ್ಷ ತಿರುವಿ ತಿರುವಿ ಹೆಬ್ಬೆರಳು ಸವೆಸುವಂಥದ್ದು, ನುಣ್ಣಗೆ. ದತ್ತು ತನ್ನ ಹೆಬ್ಬೆರಳಿಟ್ಟು ನೋಡಿದ. ಕೂರಲಿಲ್ಲ, ಕುಳಿ ಅಗಲ. ನಾಗರತ್ನಾ ತನ್ನ ಬೆರಳಿಟ್ಟಳು... ಸುಮಾರು ಹೊತ್ತು ತೆಗೀಲಿಲ್ಲ. ಆಗ ಗೋಡೆ ಆಚೆಯಿಂದ ಗಂಡಸು ಬಿಕ್ಕೋ ಸದ್ದು ನಮ್ಮ ಮನೆಗೆ ಕೇಳಿಸ್ತು. ವರ್ಷದ ಅಳು ಅದು, ಮಧ್ಯಾಹ್ನದವರೆಗೂ ನಿಲ್ಲಲಿಲ್ಲ.

ಸುಳ್ಳಲ್ಲ ರೀ, ಆ ಬಿರಡೆ ನಾನೇ ಮುಟ್ಟಿ ನೋಡಿದೀನಿ. ಖುರ್ಷೀದಾನೂ ಸಂಜೆ ಬಂದಿದ್ದಳು. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ಮರ ತನ್ನದೇ, ಕೆತ್ತನೆ ತನ್ನದೇ ಅಂದಳು. ಕುಳಿ ಮಾತ್ರ ತಾನು ಮಾಡಿಲ್ಲ ಅಂದು ಚಪ್ಪಲಿ ಮೆಟ್ಟಿಕೊಂಡು ಹೋದಳು.