ಒಂದು ಪಾಸಿಗೆ ಒಬ್ಬರೇ

ಕೊನೆಯ ಲಾಂಚು ಬಂದು ಜನರೆಲ್ಲ ಇಳಿದು ಹೋದ ಮೇಲೆ ಗೇಟಕ್ಕ ಜೆಟ್ಟಿಯ ಕಬ್ಬಿಣದ ಬಾಗಿಲಿಗೆ ಬೀಗ ಹಾಕಿ ಮನೆ ಕಡೆ ಹೊರಟಿದ್ದಳು. ದಾರಿಯಲ್ಲಿ ಒಂದು ಹಾಳು ಬಾವಿ. ಆ ಬಾವಿಯಲ್ಲಿ ಏನೋ ಇದೆ ಅಂತ ಊರೆಲ್ಲ ಹೇಳುತ್ತಿತ್ತು. ಗಟ್ಟಿ ಗಂಡಸರು ಕೂಡ ಅಲ್ಲಿಗೆ ಬಂದಾಗ ಸುಮ್ಮಸುಮ್ಮನೆ ಕೆಮ್ಮಿ, ಹೆಜ್ಜೆ ಜೋರು ಮಾಡುತ್ತಿದ್ದರು. ಗೇಟಕ್ಕನಿಗೆ ಮಾತ್ರ ಭಯ ಇರಲಿಲ್ಲ. "ಬಾವಿಯಲ್ಲಿ ಒಂದು ತೊಟ್ಟು ನೀರಿಲ್ಲ. ದೆವ್ವ ಬಾಯಾರಿಕೆಗೆ ಸತ್ತು ಎಷ್ಟು ಕಾಲವಾಯಿತೋ" ಅನ್ನುತ್ತಿದ್ದಳು.

ಆ ರಾತ್ರಿಯೂ ಬಾವಿ ತನ್ನ ಪಾಡಿಗೆ ತಾನಿತ್ತು. ಶಬ್ದ ಬಂದದ್ದು ಹಿಂದಿನಿಂದ... ಜೆಟ್ಟಿಯಿಂದ.

ಟೆಂ. ಟೆಂ. ಟೆಂ.

ಅವಳು ನಿಂತಳು.

ಪಾಸು ನಡೆಯುವುದಿಲ್ಲ ಅಂತ ಗೇಟಿನ ಮಿಷನ್ನು ಹೇಳುವ ಶಬ್ದ ಅದು. ಪಾಸನ್ನು ಮಿಷನ್ನಿಗೆ ಉಜ್ಜುವುದೂ ಬೇಡ, ತೂರಿಸುವುದೂ ಬೇಡ, ಹತ್ತಿರ ಹಿಡಿದರೆ ಸಾಕು. ಒಪ್ಪಿಗೆಯಾದರೆ "ಪೀಂ" ಅಂತ ಒಂದೇ ಸಲ ಕೂಗಿ ಹಸಿರು ದೀಪ ಹತ್ತುತ್ತದೆ, ಕಬ್ಬಿಣದ ತೋಳು ಕಟಕ್ ಅಂತ ಒಂದು ಸುತ್ತು ತಿರುಗಿ ಒಬ್ಬರನ್ನು ಬಿಡುತ್ತದೆ. ಒಪ್ಪದಿದ್ದರೆ ಕೆಂಪು ದೀಪ, ಈ ಟೆಂ ಟೆಂ. ನಡುರಾತ್ರಿ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಆ ಶಬ್ದದ ಗುರುತು ಹಿಡಿಯುವವಳು ಗೇಟಕ್ಕ. ಅದರಲ್ಲೂ ಇದು ಒಳಬದಿಯ ಮಿಷನ್ನು. ಒಳಗಿರುವವರು ಹೊರಗೆ ಬರಲು ಪಾಸು ಹಿಡಿಯುವ ಮಿಷನ್ನು. ಅದರ ದನಿ ಸ್ವಲ್ಪ ಒಡಕು.

ಆದರೆ ಒಳಗೆ ಯಾರೂ ಇರಲಿಲ್ಲ. ಮೇನ್ ಸ್ವಿಚ್ಚನ್ನು ಅವಳೇ ಕೈಯಾರೆ ಆರಿಸಿ ಬಂದಿದ್ದಳು.

ಟೆಂ. ಟೆಂ. ಟೆಂ.

ಅವಳು ತಿರುಗಿ ಹೋಗಲಿಲ್ಲ. ಓಡಲೂ ಇಲ್ಲ. ಬಾವಿಯ ಕಟ್ಟೆಗೆ ಕೈಯೂರಿ ಸ್ವಲ್ಪ ನಿಂತು, ಮನೆಗೆ ನಡೆದಳು. ಹೊರಗೆ ಬರಲಾಗದೆ ಒದ್ದಾಡುತ್ತಿರುವುದು ಯಾವ ಪಾಸು ಅಂತ ಅವಳಿಗೆ ಗೊತ್ತಿತ್ತು. ಯಾರ ಕೈಯಲ್ಲಿರುವ ಪಾಸು ಅಂತ ಮಾತ್ರ ಗೊತ್ತಿರಲಿಲ್ಲ. ಅದು ಗೊತ್ತಾಗುವುದು ಅವಳಿಗೆ ಬೇಕೂ ಇರಲಿಲ್ಲ.

ಯಾಕೆ ಅಂತ ಹೇಳಬೇಕಾದರೆ ಆ ಮನೆಯ ಸಂಗತಿ ಹೇಳಬೇಕು.

ಗೇಟಕ್ಕನ ಗಂಡ, ಮೈದುನ ಇಬ್ಬರಿಗೂ ಆಚೆ ದಡದ ಬಾಟಲಿ ಕಾರ್ಖಾನೆಯಲ್ಲಿ ಕೆಲಸ. ಅಣ್ಣನಿಗೆ ಹಗಲು ಪಾಳಿ, ತಮ್ಮನಿಗೆ ರಾತ್ರಿ ಪಾಳಿ. ಒಬ್ಬ ಬಂದಾಗ ಇನ್ನೊಬ್ಬ ಹೋಗುವುದರಿಂದ ಇಬ್ಬರಿಗೂ ಸೇರಿ ಒಂದೇ ತಿಂಗಳ ಪಾಸು. ಪಾಸಿನ ಮೇಲೆ ಅಣ್ಣನ ಫೋಟೋ. ಸಂಜೆ ಅಣ್ಣ ಲಾಂಚಿಳಿದು ಗೇಟಿನಿಂದ ಹೊರಗೆ ಬಂದು, ಕಾದು ನಿಂತ ತಮ್ಮನ ಕೈಗೆ ಪಾಸು ಕೊಡುತ್ತಿದ್ದ. ತಮ್ಮ ಅದೇ ಪಾಸು ಹಿಡಿದು ಒಳಗೆ ಹೋಗುತ್ತಿದ್ದ.

ಆ ಗೇಟಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂತಿರುತ್ತಿದ್ದವಳು ಗೇಟಕ್ಕನೇ. ಬಲು ಖಡಕ್ಕು ಹೆಂಗಸು. ಒಂದು ಪಾಸಿಗೆ ಒಬ್ಬರೇ ಅಂತ ನೆತ್ತಿಯ ಮೇಲೆ ಬೋರ್ಡು. ಬೇರೆಯವರ ಪಾಸು ತಂದವರನ್ನು ಮುಖ ಮೂತಿ ನೋಡದೆ ವಾಪಸ್ಸು ಕಳಿಸಿದವಳು. ಹಾಗಾದರೆ ಸ್ವಂತ ಮೈದುನನನ್ನು ಏನು ಮಾಡುವುದು? ಅದಕ್ಕೆ ಅವಳದೇ ಒಂದು ದಾರಿ ಇತ್ತು. ಅವನು ಪಾಸು ಎತ್ತಿದ ಕೂಡಲೇ ಅವಳು ತಲೆ ಬಗ್ಗಿಸಿ, ಕಾಲ ಬಳಿಯ ಚೀಲದಲ್ಲಿ ಏನೋ ಹುಡುಕುತ್ತಿದ್ದಳು. ಪೀಂ ಅನ್ನುತ್ತಿತ್ತು. ಕಟಕ್ ಅನ್ನುತ್ತಿತ್ತು. ತಲೆ ಎತ್ತುವಷ್ಟರಲ್ಲಿ ಅವನು ಹೋಗಿರುತ್ತಿದ್ದ. ನೋಡಿದರೆ ತಾನೇ ತಪ್ಪು?

ಕಾರ್ಖಾನೆಗೆ ರಜೆಯಿದ್ದ ಒಂದು ರಾತ್ರಿ ಅಣ್ಣತಮ್ಮಂದಿರಿಗೆ ಮನೆ ಪಾಲಿನ ಮಾತು ಬಂದು ಜೋರು ಜಗಳವಾಯಿತು. "ನಾನೇ ಈ ಮನೆ ಬಿಟ್ಟು ಹೋಗ್ತೀನಿ, ನೀನೇ ಆಳ್ಕೋ" ಅಂದ ಅಣ್ಣ. "ನೀನ್ಯಾಕೆ ಹೋಗ್ಬೇಕು, ನಾನೇ ಹೋಗ್ತೀನಿ. ಹುಡುಕ್ಬೇಡಿ ನನ್ನ" ಅಂದ ತಮ್ಮ. ಓರಗಿತ್ತಿಯರಿಬ್ಬರೂ ಅವರವರ ಕೋಣೆಯಲ್ಲಿ ಅತ್ತು ಮಲಗಿದರು.

ಮರುದಿನ ಸಂಜೆ ಗೇಟಕ್ಕ ಮುಖ ಊದಿಸಿಕೊಂಡೇ ಗೂಡಿನಲ್ಲಿ ಕೂತಿದ್ದಳು. ಲಾಂಚಿಳಿದು ಬಂದವರಲ್ಲಿ ಗಂಡ ಇದ್ದನೋ ಇಲ್ಲವೋ ಅಂತ ಕೂಡ ನೋಡಲಿಲ್ಲ. ಲಾಂಚು ಹೊರಡುವ ಹೊತ್ತಿಗೆ ಗೇಟಿನಾಚೆ ಮನೆಯದೇ ಒಂದು ಅಂಗಿ ಕಂಡ ಹಾಗಾಯಿತು. ಎಂದಿನಂತೆ ತಲೆ ಬಗ್ಗಿಸಿದಳು. ಪೀಂ ಅಂದಿತು. ಅಷ್ಟರಲ್ಲಿ ಲಾಂಚಿನವನು ಹಾರ್ನ್ ಹೊಡೆದ. ತಲೆ ಎತ್ತಿದಾಗ ಗೇಟು ಖಾಲಿ.

ಆ ಲಾಂಚು ಆಚೆ ದಡ ಮುಟ್ಟಲಿಲ್ಲ. ನಡುನೀರಿನಲ್ಲಿ ಮರಳಿನ ದೋಣಿಗೆ ಬಡಿದು ಮಗುಚಿತು.

ನೀರಿನಿಂದ ತೆಗೆದವರನ್ನೆಲ್ಲ ಒಳಗೆ ಹೋದ ಪಾಸುಗಳ ಜೊತೆ ತಾಳೆ ನೋಡಿದರು. ಎಲ್ಲ ಸರಿಹೋಯಿತು, ಒಂದು ಪಾಸು ಬಿಟ್ಟು. ಅದರ ಮನುಷ್ಯ ಸಿಗಲಿಲ್ಲ. ಇತ್ತ ಮನೆಗೆ ಅಣ್ಣನೂ ಬರಲಿಲ್ಲ, ತಮ್ಮನೂ ಬರಲಿಲ್ಲ.

"ಪಾಸು ಒಂದು, ಅಂದ್ಮೇಲೆ ಹೋದವನು ಒಬ್ಬ. ಫೋಟೋ ನಿಮ್ಮ ಯಜಮಾನರದ್ದು. ಸತ್ತವರ ಪಟ್ಟಿಗೆ ಸಹಿ ಮಾಡಮ್ಮ" ಅಂದ ಲಾಂಚು ಆಫೀಸಿನವನು.

ಪಾಸು ಇಬ್ಬರದ್ದು ಅಂತ ಹೇಳಿದರೆ ಕೆಲಸ ಹೋಗುತ್ತದೆ. ಹೇಳದೆ ಸಹಿ ಮಾಡಿದರೆ ಗಂಡ ಹೋಗುತ್ತಾನೆ. ಅವಳು ಎರಡನ್ನೂ ಮಾಡದೆ ಪೆನ್ನು ಕೆಳಗಿಟ್ಟು ಎದ್ದು ಬಂದಳು.

ಅಲ್ಲಿಂದ ಆ ಮನೆಯಲ್ಲಿ ಒಲೆ ಒಂದೇ ಆದರೂ ಮಾತು ಎರಡಾಯಿತು.

"ರಾತ್ರಿ ಪಾಳಿ ಯಾರದ್ದು? ನಿನ್ನ ಗಂಡನದ್ದು" ಅನ್ನುತ್ತಿದ್ದಳು ಗೇಟಕ್ಕ, ಅನ್ನ ಬಡಿಸುತ್ತಾ.

"ಪಾಸು ಯಾರದ್ದು ಅಕ್ಕ? ಭಾವಂದು" ಅನ್ನುತ್ತಿದ್ದಳು ಓರಗಿತ್ತಿ, ತಟ್ಟೆ ಎಳೆದುಕೊಳ್ಳುತ್ತಾ. "ನಮ್ಮವರು ಮನೆ ಬಿಟ್ಟು ಹೋಗ್ತೀನಿ ಅಂತ ಹೇಳೇ ಹೋದ್ರು. ಕೋಪ ಇಳಿದ್ರೆ ಬರ್ತಾರೆ."

"ನಮ್ಮವರೂ ಹಾಗೇ ಅಂದಿದ್ರು."

"ನೀನು ಅಲ್ಲೇ ಕೂತಿದ್ದೆ. ಕಣ್ಣಿಗೆ ಏನಾಗಿತ್ತು? ಯಾರು ಹೋದ್ರು ಅಂತ ಹೇಳು, ನಾನು ಒಪ್ಕೋತೀನಿ."

ಗೇಟಕ್ಕ ಸಾರಿನ ಸೌಟು ಪಾತ್ರೆಗೆ ಹಾಕಿ ಎದ್ದು ಹೋಗುತ್ತಿದ್ದಳು. ಜಗಳದ ರಾತ್ರಿ ಯಾವ ಮಾತಿಗೆ ಅತ್ತಿದ್ದರೋ, ಆ ಒಂದೇ ಮಾತನ್ನು ಇಬ್ಬರೂ ಈಗ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬದುಕಿದ್ದರು. ಒಬ್ಬಳ ಗಂಡ ಬದುಕಿರಬೇಕಾದರೆ ಇನ್ನೊಬ್ಬಳ ಗಂಡ ಸತ್ತಿರಬೇಕು. ಬೇರೆ ಲೆಕ್ಕವೇ ಇರಲಿಲ್ಲ.

ಚಳಿಗಾಲ ಕಳೆಯಿತು. ಆಗ ಶುರುವಾಯಿತು ಈ ಟೆಂ ಟೆಂ.

ಹತ್ತಿದ ದಡದಲ್ಲೇ ವಾಪಸ್ಸು ಇಳಿದರೆ ಪಾಸನ್ನು ಮಿಷನ್ನು ಒಪ್ಪುವುದಿಲ್ಲ. ಆಚೆ ದಡದಲ್ಲೇ ಹೊರಗೆ ಹೋಗಬೇಕು ಅದು. ಹಾಗೆ ಸಿಕ್ಕಿಕೊಂಡವರನ್ನು ಹೊರಗೆ ಬಿಡಲು ಗೇಟಕ್ಕನ ಕೊರಳಲ್ಲಿ ಒಂದು ಕಾರ್ಡು ನೇತಾಡುತ್ತಿತ್ತು. ಅದನ್ನು ಹಿಡಿದರೆ ತೋಳು ಒಂದು ಸುತ್ತು ಸಡಿಲವಾಗುತ್ತದೆ. ದಿನಾ ರಾತ್ರಿ ಬಾವಿಯ ಹತ್ತಿರ ನಿಂತು ಶಬ್ದ ಕೇಳುವಾಗ ಅವಳ ಕೈ ಆ ಕಾರ್ಡಿನ ಮೇಲೆ ಇರುತ್ತಿತ್ತು. ಆದರೆ ಹೋಗುತ್ತಿರಲಿಲ್ಲ. ಗೇಟು ತೆಗೆದು ನೋಡದಿದ್ದಷ್ಟು ದಿನ, ಒಳಗಿರುವುದು ಮೈದುನನೇ ಅಂದುಕೊಳ್ಳಬಹುದಿತ್ತು.

ಒಂದು ರಾತ್ರಿ ಬಾವಿಯ ಆ ಬದಿಯಿಂದ ಯಾರೋ ಎದ್ದು ನಿಂತರು. ಗೇಟಕ್ಕ ಎರಡು ಹೆಜ್ಜೆ ಹಿಂದೆ ಸರಿದಳು.

"ನಾನೇ ಅಕ್ಕ" ಅಂತ ಪಿಸುಗುಟ್ಟಿದಳು ಓರಗಿತ್ತಿ. "ದಿನಾ ಇಲ್ಲಿ ನಿಂತು ಏನು ಕೇಳ್ತೀಯಾ?"

"ಏನಿಲ್ಲ. ಕಾಲು ನೋವು."

ಟೆಂ. ಟೆಂ. ಟೆಂ.

ದೂರದಲ್ಲಿ ನೀರು ಜೆಟ್ಟಿಯ ಮರದ ಕಂಬಕ್ಕೆ ಚಪ್... ಚಪ್... ಅಂತ ಬಡಿಯುತ್ತಿತ್ತು.

"ತೆಗೆ ಅಕ್ಕ."

"ಬೇಡ ಕಣೇ."

"ನನಗೆ ಸಾಕಾಯ್ತು. ಯಾರಾದ್ರೂ ಆಗ್ಲಿ. ತೆಗೆ."

ಬೀಗ ತೆಗೆದರು. ಮೇನ್ ಸ್ವಿಚ್ಚು ಹಾಕಿದಾಗ ತಗಡಿನ ಪೆಟ್ಟಿಗೆ ಗುಂಯ್ ಅಂದು, ಒಳಬದಿಯ ಮಿಷನ್ನಿನ ಮೇಲೆ ಕೆಂಪು ದೀಪ ಹತ್ತಿತು. ಗೇಟಿನಾಚೆ ಲಾಂಚಿಗೆ ಹೋಗುವ ಹಲಗೆ ದಾರಿ ಉದ್ದಕ್ಕೂ ಬರಿದಾಗಿತ್ತು. ಯಾರೂ ಇಲ್ಲ. ಬರೀ ಕೆಸರಿನ ವಾಸನೆ.

ಗೇಟಕ್ಕ ತನ್ನ ಗೂಡಿನಲ್ಲಿ ಹೋಗಿ ಕೂತಳು. ಓರಗಿತ್ತಿ ಅವಳ ಮುಂಗೈ ಹಿಡಿದು ಪಕ್ಕದಲ್ಲಿ ನಿಂತಳು.

"ಭಾವ... ನೀವೇ ಅಲ್ವಾ?" ಅಂದಳು ಓರಗಿತ್ತಿ, ಕತ್ತಲಿಗೆ.



"ಮೈದುನಾ... ನೀನೇನಪ್ಪಾ?" ಅಂದಳು ಗೇಟಕ್ಕ.

ಇಬ್ಬರಲ್ಲಿ ಒಬ್ಬಳೂ ತನ್ನ ಗಂಡನನ್ನು ಕರೆಯಲಿಲ್ಲ.

ಹಲಗೆಯ ಮೇಲೆ ಕಿರ್ ಅಂದಿತು. ಮತ್ತೆ ಹತ್ತಿರದಲ್ಲಿ, ಕಿರ್. ಮಿಷನ್ನು ಟೆಂ ಟೆಂ ಟೆಂ ಅಂದಿತು. ಗೇಟಕ್ಕ ಕೊರಳಿನ ಕಾರ್ಡು ತೆಗೆದು ಕೈ ಚಾಚಿ ಹಿಡಿದಳು.

ಪೀಂ.

ಹಸಿರು ದೀಪ. ಆ ದೀಪದ ಹಿಂದಿನಿಂದ, ಕಿವಿಯ ಹತ್ತಿರವೇ ಅನ್ನುವ ಹಾಗೆ, ಒಂದು ದನಿ.

"ಹತ್ತಿರ ಬಾ..."

ಮೈದುನನ ದನಿ. ಓರಗಿತ್ತಿ ಅವಳ ಮುಂಗೈ ಬಿಟ್ಟು ನೆಲದ ಮೇಲೆ ಕೂತುಬಿಟ್ಟಳು. ಗೇಟಕ್ಕನಿಗೆ ಏನಾಯಿತು ಅಂತ ಹೇಳಲು ನಾಚಿಕೆಯಾಗುತ್ತದೆ. ಅವಳಿಗೆ ಸಂತೋಷವಾಯಿತು. ಎಲ್ಲೋ ಯಾವುದೋ ಊರಿನಲ್ಲಿ ಗಂಡ ಊಟ ಮಾಡುತ್ತಾ ಕೂತಿರುವುದು ಕಣ್ಣಿಗೆ ಕಟ್ಟಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು.

"ಅಣ್ಣ... ಇನ್ನೂ ಹತ್ತಿರ ಬಾ. ಒತ್ತಿಕೋ ನನಗೆ."

"ತಡಿಯೋ" ಅಂದಿತು ಇನ್ನೊಂದು ದನಿ, ನಗುವನ್ನು ತಡೆದುಕೊಂಡು. "ನಿಮ್ಮತ್ತಿಗೆ ತಲೆ ಬಗ್ಗಿಸ್ಲಿ. ಈಗ ಬಗ್ಗಿಸ್ತಾಳೆ ನೋಡು..."

ಅವಳು ತಲೆ ಬಗ್ಗಿಸಿದಳು. ಬಗ್ಗಿಸಬಾರದು ಅಂತ ಎಷ್ಟು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳೋ, ಆದರೂ ಕತ್ತು ತಾನಾಗಿ ಬಗ್ಗಿತು.

ಕಬ್ಬಿಣದ ತೋಳು ತಿರುಗಲು ಶುರುವಾಗಿ ನಡುವೆ ತಡೆಯಿತು. ಗರ್ರ್... ಅಂತ ನರಳಿತು. ಒಂದು ಸುತ್ತಿನಲ್ಲಿ ಇಬ್ಬರು ಮೈಗೆ ಮೈ ಒತ್ತಿಕೊಂಡು ನುಗ್ಗಿದರೆ ಮಾತ್ರ ಬರುವ ಶಬ್ದ ಅದು. ಹಾಗೆ ನುಗ್ಗಿದ ಎಷ್ಟು ಜನರನ್ನು ಹಿಡಿದಿದ್ದಳು ಅವಳು. ಒಂದೇ ಒಂದು ಸಂಜೆ ಆ ಶಬ್ದ ಲಾಂಚಿನ ಹಾರ್ನಿನಲ್ಲಿ ಮುಳುಗಿಹೋಗಿತ್ತು.

ಗರ್ರ್... ಕಟಕ್.

ತಣ್ಣನೆಯ ಗಾಳಿ ಗೂಡಿನ ಮುಂದೆ ಹಾದುಹೋಯಿತು. ಆಮೇಲೆ ಏನೂ ಇಲ್ಲ. ನೀರು ಮಾತ್ರ... ಚಪ್... ಚಪ್.

ನೆಲದಲ್ಲಿ ಕೂತಿದ್ದ ಓರಗಿತ್ತಿ ಕೇಳಿದಳು.

"ಜಗಳ ಮುಗಿದಿತ್ತು ಅಲ್ವಾ ಅಕ್ಕ ಅವರದ್ದು?"

"ಹೂಂ."

"ಭಾವ ನಗ್ತಿದ್ರು."

"ಹೂಂ. ಏಳು. ಮನೆಗೆ ಹೋಗೋಣ."

ಅಣ್ಣ ಯಾಕೆ ಮತ್ತೆ ಲಾಂಚು ಹತ್ತಿದ? ಹಗಲೆಲ್ಲ ದುಡಿದು ಬಂದವನು ರಾತ್ರಿ ಪಾಳಿಗೆ ತಮ್ಮನ ಹಿಂದೆ ಯಾಕೆ ಹೊರಟ? ರಾಜಿಯಾದ ಮಾತು ಅರ್ಧಕ್ಕೆ ನಿಲ್ಲಿಸಲು ಮನಸ್ಸಾಗಲಿಲ್ಲವೋ ಏನೋ. ಅದು ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

ಮರುದಿನ ಇಬ್ಬರೂ ಆಫೀಸಿಗೆ ಹೋದರು. ಗೇಟಕ್ಕ ಸಹಿ ಮಾಡಿದಳು. ಓರಗಿತ್ತಿ ತನ್ನ ಗಂಡನೂ ಆ ಲಾಂಚಿನಲ್ಲೇ ಇದ್ದ ಅಂದಳು.

"ಅವರ ಪಾಸು?" ಅಂದ ಆಫೀಸಿನವನು.

"ಒಂದೇ ಪಾಸಿನಲ್ಲಿ ಇಬ್ಬರೂ ಹೋದ್ರು" ಅಂದಳು ಗೇಟಕ್ಕ. ಈ ಸಲ ಎಲ್ಲವನ್ನೂ ಹೇಳಿದಳು, ತಲೆ ಬಗ್ಗಿಸಿದ್ದನ್ನೂ ಸೇರಿಸಿ. ಕೆಲಸ ಹೋದರೆ ಹೋಗಲಿ ಅಂತ.

ಅವನು ಅವಳ ಮುಖವನ್ನೇ ನೋಡಿದ. "ಹಾಗೆ ಆಗಲ್ಲಮ್ಮ. ಮಿಷನ್ನಿನಲ್ಲಿ ಒಬ್ಬರೇ ಹೋಗಿರೋದು." ದುಃಖದಲ್ಲಿ ಏನೇನೋ ಹೇಳುತ್ತಾಳೆ ಪಾಪ ಅಂತ ಅವಳ ಕೆಲಸವನ್ನೂ ತೆಗೆಯಲಿಲ್ಲ. ಹಾಗಾಗಿ ತಮ್ಮ ಇವತ್ತಿಗೂ ಕಾಣೆಯಾದವನೇ. ಅವನ ಹೆಂಡತಿ ಎಲ್ಲೂ ವಿಧವೆ ಅಂತ ಬರೆಸುವ ಹಾಗಿಲ್ಲ. ಓರಗಿತ್ತಿಯರು ಈಗ ಜಗಳವಾಡುವುದಿಲ್ಲ. ಜಗಳಕ್ಕೆ ಉಳಿದಿರುವುದಾದರೂ ಏನು?

ಹೊರಗೆ ಬಿಟ್ಟಾಯಿತು, ಇನ್ನಾದರೂ ಅವರಿಗೆ ನೆಮ್ಮದಿ ಸಿಗುತ್ತದೆ ಅಂದುಕೊಂಡಿದ್ದಳು ಗೇಟಕ್ಕ. ಆ ದಿನ ಆಫೀಸಿನಿಂದ ನೇರ ಕೆಲಸಕ್ಕೆ ಬಂದು ಕೂತಳು. ಸಂಜೆಯಾಯಿತು. ಜೆಟ್ಟಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಆಗ, ಒಳಗೆ ಹೋಗುವ ಕಡೆಯಿಂದ...

ಪೀಂ.

ಗರ್ರ್... ಕಟಕ್.

ಈಗಲೂ ದಿನಾ ಅದೇ ಹೊತ್ತಿಗೆ ಆಗುತ್ತದೆ. ಮಿಷನ್ನಿನವರು ಬಂದು ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲ ಅಂತ ಮುಚ್ಚಿ ಹೋಗಿದ್ದಾರೆ. ಕಟ್ಟುಕತೆ ಅನ್ನುವವರು ಒಂದು ಸಂಜೆ ಹೋಗಿ ಅವಳ ಗೂಡಿನ ಪಕ್ಕ ನಿಂತುಕೊಳ್ಳಲಿ. ಲಾಂಚು ಮಗುಚಿದ ಮೇಲೆ ಸಂಜೆಯ ಆ ಟ್ರಿಪ್ಪನ್ನೇ ನಿಲ್ಲಿಸಿಬಿಟ್ಟಿದ್ದಾರೆ. ಆ ಹೊತ್ತಿಗೆ ಅಲ್ಲಿಂದ ಹೊರಡುವ ಲಾಂಚೇ ಇಲ್ಲ.